ಬೆಳಗಿನ ಓಟ: ಉಪಾಹಾರ ಮೊದಲೋ, ಅನಂತರವೋ?

ಚೆನ್ನೈ ನಗರದ ಮರೀನಾ ಕಡಲತೀರದಲ್ಲಿ ದಿನವು ಸೂರ್ಯೋದಯಕ್ಕೂ ಮೊದಲೇ ಆರಂಭವಾಗುತ್ತದೆ. ನೇಪಿಯರ್ ಸೇತುವೆಯಿಂದ ದೀಪಸ್ತಂಭದವರೆಗೆ ಮೂರು ಕಿಲೋಮೀಟರಿಗೂ ಮಿಗಿಲಾಗಿ ಸಾಗುವ ಕಾಮರಾಜರ್ ಸಾಲೈನ ಪಕ್ಕದ ಕಾಲುದಾರಿಯಲ್ಲಿ, ಬೇಸಿಗೆಯ ದಿನಗಳಲ್ಲಿ ಐದು ಗಂಟೆಗಾಗಲೇ ನಡೆಯುವವರೂ ಓಡುವವರೂ ಕಂಡುಬರುತ್ತಾರೆ. ಪೊಲೀಸ್ ಹಾಗೂ ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧತೆ ನಡೆಸುವ ತರುಣರು, ಕಚೇರಿಯ ನೌಕರರು, ಗೃಹಿಣಿಯರು, ನಿವೃತ್ತರು ಎಲ್ಲರೂ ಅಲ್ಲಿರುತ್ತಾರೆ. 1880ರ ದಶಕದಲ್ಲಿ ಗವರ್ನರ್ ಗ್ರಾಂಟ್ ಡಫ್ ಅವರ ಆಡಳಿತಾವಧಿಯಲ್ಲಿ ವಾಯುಸೇವನೆಗೆಂದು ರೂಪುಗೊಂಡ ಈ ವಿಹಾರಪಥವು ಇಂದು ಶುಲ್ಕವಿಲ್ಲದ, ಬಾಗಿಲಿಲ್ಲದ ವಿಶಾಲ ವ್ಯಾಯಾಮಶಾಲೆಯಾಗಿ ಪರಿಣಮಿಸಿದೆ.

ಇಲ್ಲಿಗೆ ಬರುವವರಲ್ಲಿ ಕೆಲವರು ಬರಿ ಹೊಟ್ಟೆಯಲ್ಲಿ ಬಂದಿರುತ್ತಾರೆ. ಕೆಲವರು ಒಂದು ಲೋಟ ಕಾಫಿ ಕುಡಿದಿರುತ್ತಾರೆ. ಏನನ್ನಾದರೂ ತಿನ್ನದೆ ಹೊಸ್ತಿಲು ದಾಟಬಾರದೆಂಬ ಹಿರಿಯರ ಮಾತಿಗೆ ಕಟ್ಟುಬಿದ್ದು ಎರಡು ಇಡ್ಲಿ ತಿಂದು ಬಂದವರೂ ಉಂಟು. ಪ್ರತಿಯೊಬ್ಬರಿಗೂ ತಮ್ಮ ಕ್ರಮವೇ ಸರಿಯೆಂಬ ನಂಬಿಕೆಯಿರುತ್ತದೆ. ಉಪಾಹಾರವನ್ನು ಓಟಕ್ಕೆ ಮೊದಲು ಸೇವಿಸಬೇಕೋ ಅಥವಾ ಅನಂತರವೋ ಎಂಬುದು ಆರೋಗ್ಯವಂತ ತರುಣನ ಮಟ್ಟಿಗೆ ಬಹುಪಾಲು ಅನುಕೂಲದ ಪ್ರಶ್ನೆ. ಮಧುಮೇಹಕ್ಕಾಗಿ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ವ್ಯಕ್ತಿಯ ಮಟ್ಟಿಗೆ ಅದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯೂ ಆಗಬಲ್ಲದು. ಈ ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡದೆ ಎಲ್ಲರಿಗೂ ಒಂದೇ ಉತ್ತರವನ್ನು ನೀಡುವುದರಿಂದಲೇ ಈ ವಿಷಯದಲ್ಲಿ ಗೊಂದಲ ಉಂಟಾಗಿದೆ.

ರಾತ್ರಿಯ ಉಪವಾಸ ಮತ್ತು ಶರೀರದ ಇಂಧನ

ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಬೆಳಗ್ಗೆ ಆರಕ್ಕೆ ಓಟಕ್ಕೆ ಹೊರಟವರು ಒಂಬತ್ತು ಗಂಟೆಗಳ ಕಾಲ ಉಪವಾಸವಿದ್ದಂತಾಯಿತು. ಈ ಅವಧಿಯಲ್ಲಿ ಶರೀರವು ಸುಮ್ಮನಿರುವುದಿಲ್ಲ. ಹೃದಯ ಬಡಿಯುತ್ತಿರುತ್ತದೆ, ಮಿದುಳು ಕೆಲಸ ಮಾಡುತ್ತಿರುತ್ತದೆ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಅಂದರೆ ಗಂಟೆಗೆ ಸುಮಾರು ಐದು ಗ್ರಾಂ. ನಿದ್ರೆಯಲ್ಲಿಯೂ ಈ ಪೂರೈಕೆ ನಿಲ್ಲುವಂತಿಲ್ಲ.

ಈ ಪೂರೈಕೆಯ ಹೊಣೆ ಮುಖ್ಯವಾಗಿ ಯಕೃತ್ತಿನದು. ಊಟದಲ್ಲಿ ದೊರೆತ ಶರ್ಕರಪಿಷ್ಟದ ಒಂದು ಭಾಗವನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಸಂಗ್ರಹಿಸಿಟ್ಟುಕೊಂಡು, ಅಗತ್ಯ ಬಿದ್ದಂತೆ ಗ್ಲೂಕೋಸನ್ನಾಗಿ ಪರಿವರ್ತಿಸಿ ರಕ್ತಕ್ಕೆ ಬಿಡುತ್ತದೆ. ಚೆನ್ನಾಗಿ ಉಂಡ ನಂತರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಬೆಳಗಾಗುವ ಹೊತ್ತಿಗೆ ಅದರಲ್ಲಿ ಅರ್ಧಕ್ಕಿಂತಲೂ ಹೆಚ್ಚು ವ್ಯಯವಾಗಿರಬಹುದು. ಸ್ನಾಯುಗಳಲ್ಲಿಯೂ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಮಲಗಿದ್ದಾಗ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲದ ಕಾರಣ ಈ ಸಂಗ್ರಹವು ರಾತ್ರಿಯಲ್ಲಿ ಬಹುತೇಕ ಹಾಗೆಯೇ ಉಳಿಯುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಸ್ನಾಯುವು ತನ್ನ ಗ್ಲೈಕೋಜನ್ನನ್ನು ರಕ್ತಕ್ಕೆ ಬಿಟ್ಟುಕೊಡಲಾರದು. ಅದಕ್ಕೆ ಬೇಕಾದ ಕಿಣ್ವವು ಸ್ನಾಯುವಿನಲ್ಲಿಲ್ಲ. ಯಕೃತ್ತು ಊರಿಗೆಲ್ಲ ಧಾನ್ಯ ಅಳೆದುಕೊಡುವ ಉಗ್ರಾಣದಂತೆ. ಸ್ನಾಯುವಿನದು ಮನೆಯೊಳಗಿನ ಕಣಜ, ಅದು ಆ ಮನೆಯವರ ಉಪಯೋಗಕ್ಕೆ ಮಾತ್ರ. ಆದ್ದರಿಂದಲೇ ಕಾಲುಗಳಲ್ಲಿ ಇನ್ನೂ ಶಕ್ತಿಯಿದ್ದರೂ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿ ತಲೆ ತಿರುಗುವ ಸಂಭವವಿದೆ. ಮಕ್ಕಳಲ್ಲಿ ಯಕೃತ್ತಿನ ಸಂಗ್ರಹ ಚಿಕ್ಕದು, ಶರೀರದ ತೂಕಕ್ಕೆ ಹೋಲಿಸಿದರೆ ಮಿದುಳಿನ ಬೇಡಿಕೆ ದೊಡ್ಡದು. ಕ್ರೀಡಾಕೂಟದ ಪೂರ್ವಸಿದ್ಧತೆಯೆಂದು ಶಾಲಾ ಮಕ್ಕಳನ್ನು ಬೆಳಗ್ಗೆ ಏನೂ ಕೊಡದೆ ಮೈದಾನದಲ್ಲಿ ಓಡಿಸುವ ಪದ್ಧತಿ ಎಲ್ಲಿಯೇ ಇದ್ದರೂ ಅದನ್ನು ಕೈಬಿಡುವುದು ಮೇಲು.

ಶರೀರದ ಮೂರನೆಯ ಇಂಧನ ಕೊಬ್ಬು. ಇದರ ದಾಸ್ತಾನು ತೆಳ್ಳಗಿರುವವರಲ್ಲಿಯೂ ಹಲವು ಕಿಲೋಗ್ರಾಂಗಳಷ್ಟಿರುತ್ತದೆ. ನಿಧಾನವಾದ ಓಟದಲ್ಲಿ ಶರೀರವು ಕೊಬ್ಬನ್ನು ಹೆಚ್ಚಾಗಿ ಬಳಸಿಕೊಳ್ಳುತ್ತದೆ. ವೇಗ ಹೆಚ್ಚಿದಂತೆ ಶರ್ಕರಪಿಷ್ಟದ ಪಾಲು ಹೆಚ್ಚುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗಿನ ಸಾಧಾರಣ ವೇಗದ ಓಟಕ್ಕೆ, ಹಿಂದಿನ ರಾತ್ರಿ ಸರಿಯಾಗಿ ಉಂಡ ಆರೋಗ್ಯವಂತ ವಯಸ್ಕರಲ್ಲಿ ಈ ಮೂರು ಸಂಗ್ರಹಗಳೂ ಧಾರಾಳವಾಗಿ ಸಾಕಾಗುತ್ತವೆ. ಅಂಥವರು ನೀರು ಕುಡಿದು ಬರಿ ಹೊಟ್ಟೆಯಲ್ಲಿ ಓಡಿದರೆ ದೋಷವೇನೂ ಇಲ್ಲ.

ಬರಿ ಹೊಟ್ಟೆಯ ಓಟದಿಂದ ಬೊಜ್ಜು ಹೆಚ್ಚು ಕರಗುವುದೇ?

ಬೊಜ್ಜನ್ನು ಕರಗಿಸಲು ಬರಿ ಹೊಟ್ಟೆಯಲ್ಲಿಯೇ ಓಡಬೇಕೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಈ ಅಭಿಪ್ರಾಯದಲ್ಲಿ ಅರ್ಧ ಸತ್ಯವಿದೆ. ಆಹಾರ ಸೇವಿಸಿದೊಡನೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸ್ರವಿಸುತ್ತದೆ. ಇನ್ಸುಲಿನ್ ಅಧಿಕವಾಗಿರುವಾಗ ಕೊಬ್ಬಿನ ಬಿಡುಗಡೆ ತಗ್ಗುತ್ತದೆ. ಬರಿ ಹೊಟ್ಟೆಯಲ್ಲಿ ಇನ್ಸುಲಿನ್ ಕಡಿಮೆಯಿರುವುದರಿಂದ ಓಟದ ವೇಳೆಯಲ್ಲಿ ಕೊಬ್ಬು ಹೆಚ್ಚಾಗಿ ಉರಿಯುತ್ತದೆ ಎಂಬುದು ನಿಜ. ಆದರೆ ಶರೀರದ ಲೆಕ್ಕಪತ್ರವು ಓಟ ಮುಗಿದೊಡನೆ ಮುಕ್ತಾಯಗೊಳ್ಳುವುದಿಲ್ಲ. ಬೆಳಗ್ಗೆ ಹೆಚ್ಚು ಕೊಬ್ಬನ್ನು ಬಳಸಿಕೊಂಡ ಶರೀರವು ದಿನದ ಉಳಿದ ಅವಧಿಯಲ್ಲಿ ಅದನ್ನು ಸರಿದೂಗಿಸಿಕೊಳ್ಳುತ್ತದೆ.

2014ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇಪ್ಪತ್ತು ಮಂದಿ ತರುಣಿಯರು ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ವಾರಗಳ ಕಾಲ ವ್ಯಾಯಾಮ ಮಾಡಿದರು. ಅರ್ಧದಷ್ಟು ಮಂದಿ ವ್ಯಾಯಾಮಕ್ಕೆ ಮೊದಲು, ಉಳಿದವರು ಅನಂತರ ಆಹಾರ ಸೇವಿಸಿದರು. ಎರಡೂ ಗುಂಪುಗಳಲ್ಲಿ ತೂಕವೂ ಕೊಬ್ಬೂ ಇಳಿದವು. ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದಲ್ಲಿ ಅಧಿಕ ತೂಕದ ಪುರುಷರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಲಾದ ಆರು ವಾರಗಳ ಅಧ್ಯಯನದ ಫಲಿತಾಂಶ ಇನ್ನಷ್ಟು ಕುತೂಹಲಕರವಾಗಿದೆ. ಉಪಾಹಾರಕ್ಕೆ ಮೊದಲು ಸೈಕಲ್ ತುಳಿದವರು ಅನಂತರ ತುಳಿದವರಿಗಿಂತ ವ್ಯಾಯಾಮದ ವೇಳೆ ಸುಮಾರು ಎರಡು ಪಟ್ಟು ಕೊಬ್ಬನ್ನು ಬಳಸಿಕೊಂಡರು. ಇಷ್ಟಾದರೂ ತೂಕದ ಇಳಿಕೆಯಲ್ಲಿ ಎರಡು ಗುಂಪುಗಳೂ ಸಮಾನವಾಗಿಯೇ ಇದ್ದವು. ಆದರೆ ಬರಿ ಹೊಟ್ಟೆಯ ಗುಂಪಿನಲ್ಲಿ ಇನ್ಸುಲಿನ್ನಿಗೆ ಶರೀರವು ಸ್ಪಂದಿಸುವ ಗುಣ ಉತ್ತಮಗೊಂಡಿತ್ತು. ಮಧುಮೇಹದ ಅಂಚಿನಲ್ಲಿದ್ದು, ಇನ್ನೂ ಔಷಧ ಆರಂಭಿಸದವರಿಗೆ ಇದು ಪ್ರಯೋಜನಕಾರಿಯಾಗಬಹುದಾದ ಸಂಗತಿ. ಈ ಅಧ್ಯಯನಗಳು ಕಡಿಮೆ ಸಂಖ್ಯೆಯ ಜನರನ್ನು ಒಳಗೊಂಡಿದ್ದವು ಮತ್ತು ತಂಪು ಹವೆಯ ದೇಶಗಳಲ್ಲಿ ನಡೆದವು ಎಂಬುದನ್ನು ಮಾತ್ರ ಮರೆಯಲಾಗದು.

ತಿಂದು ಓಡುವವರಿಗೆ

ಹೊಟ್ಟೆ ತುಂಬ ಉಪಾಹಾರ ಮಾಡಿ ಒಡನೆಯೇ ಓಡುವುದು ಯಾರಿಗೂ ತರವಲ್ಲ. ಓಡುವಾಗ ರಕ್ತವು ಕಾಲಿನ ಸ್ನಾಯುಗಳತ್ತ ಮತ್ತು ಶಾಖವನ್ನು ಹೊರಹಾಕಲು ಚರ್ಮದತ್ತ ಹರಿಯುತ್ತದೆ. ಜಠರ ಮತ್ತು ಕರುಳಿಗೆ ಅದರ ಪೂರೈಕೆ ತಗ್ಗುತ್ತದೆ. ಜೀರ್ಣಕ್ರಿಯೆ ಕುಂಠಿತಗೊಂಡು ಪಕ್ಕೆ ಹಿಡಿಯುವುದು, ಹುಳಿತೇಗು, ವಾಕರಿಕೆ ಮುಂತಾದವು ಕಾಣಿಸಿಕೊಳ್ಳುತ್ತವೆ. ಎಣ್ಣೆ ಮತ್ತು ತುಪ್ಪದ ಪದಾರ್ಥಗಳು ಜಠರದಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತವೆ. ಪೂರ್ಣ ಉಪಾಹಾರಕ್ಕೂ ಓಟಕ್ಕೂ ನಡುವೆ ಎರಡರಿಂದ ಮೂರು ಗಂಟೆಗಳ ಅಂತರವಿರಬೇಕು.

ಒಂದು ಗಂಟೆಗಿಂತ ದೀರ್ಘವಾಗಿ ಓಡುವವರು, ವೇಗದ ಅಭ್ಯಾಸ ಮಾಡುವವರು ಮತ್ತು ಬೆಳಗ್ಗೆ ಎದ್ದಾಗಲೇ ತಲೆಸುತ್ತಿನ ಅನುಭವವಿರುವವರು ಓಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಹಗುರವಾದ ಏನನ್ನಾದರೂ ಸೇವಿಸುವುದು ಯುಕ್ತ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಶರ್ಕರಪಿಷ್ಟವಿದೆ. ಏಲಕ್ಕಿ ಬಾಳೆಯಾದರೆ ಎರಡು ಬೇಕಾಗಬಹುದು. ಎರಡು ಖರ್ಜೂರ, ಒಂದು ಇಡ್ಲಿ ಅಥವಾ ತೆಳುವಾದ ರಾಗಿ ಅಂಬಲಿಯೂ ಆದೀತು. ತೊಂಬತ್ತು ನಿಮಿಷಗಳನ್ನು ಮೀರಿದ ಓಟದಲ್ಲಿ ನಡುನಡುವೆಯೂ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ದೊರೆಯುವಂತೆ ನೋಡಿಕೊಳ್ಳಬೇಕಾಗುತ್ತದೆ. ನೇಮಕಾತಿ ಪರೀಕ್ಷೆಯ 1.6 ಕಿ.ಮೀ. ಅಥವಾ 1,500 ಮೀಟರ್ ಓಟದ ದಿನ ಅಭ್ಯರ್ಥಿಗಳು ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕಾದ ಸಂದರ್ಭವಿರುವುದರಿಂದ ಬರಿ ಹೊಟ್ಟೆಯಲ್ಲಿ ಹೋಗುವುದು ಸೂಕ್ತವಲ್ಲ. ಆ ದಿನ ತಿನ್ನಬೇಕಾದುದನ್ನು ಅಭ್ಯಾಸದ ದಿನಗಳಲ್ಲಿಯೇ ತಿಂದು ನೋಡಿರಬೇಕು.

ಕಾಫಿಯ ಬಗೆಗೆ ಒಂದು ಮಾತು. ಚೆನ್ನೈನಲ್ಲಾಗಲಿ ಮೈಸೂರಿನಲ್ಲಾಗಲಿ ಬೆಳಗಿನ ಕಾಫಿಯನ್ನು ಬಿಡಬೇಕೆಂದು ಹೇಳುವುದು ವ್ಯರ್ಥ ಪ್ರಯತ್ನ. ಅದರಲ್ಲಿನ ಕೆಫೀನ್ ಓಟಕ್ಕೆ ಅಲ್ಪಸ್ವಲ್ಪ ಉತ್ತೇಜನವನ್ನೂ ನೀಡುತ್ತದೆ. ಆದರೆ ಕಾಫಿಯು ನೀರಿಗೆ ಬದಲಿಯಲ್ಲ, ಉಪಾಹಾರಕ್ಕೂ ಬದಲಿಯಲ್ಲ. ಹುಳಿತೇಗಿನ ತೊಂದರೆಯಿರುವವರು ಅದನ್ನು ಓಟದ ಅನಂತರಕ್ಕೆ ಮುಂದೂಡುವುದು ಉತ್ತಮ.

ಕಡಲತೀರದ ಹವೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಉದ್ಯಾನಗಳಲ್ಲಿ ಓಡಿ ಅಭ್ಯಾಸವಾದವರು ಚೆನ್ನೈಗೆ ಬಂದಾಗ ಅದೇ ದೂರ ಅದೇ ವೇಗದಲ್ಲಿ ಓಡಲಾರದೆ ದಣಿಯುವುದು ಸಾಮಾನ್ಯ. ಇದಕ್ಕೆ ಕಾರಣ ಬಿಸಿಲು ಮಾತ್ರವಲ್ಲ. ಬೆಳಗಿನ ಜಾವದಲ್ಲಿ ಬಿಸಿಲಿಲ್ಲದಿದ್ದರೂ ಕಡಲತೀರದ ಗಾಳಿಯಲ್ಲಿ ತೇವಾಂಶ ಅತ್ಯಧಿಕವಾಗಿರುತ್ತದೆ. ಬೆವರು ಆವಿಯಾದಾಗ ಮಾತ್ರ ಶರೀರ ತಂಪಾಗುತ್ತದೆ. ಆರ್ದ್ರ ಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ನೀರೂ ಉಪ್ಪೂ ನಷ್ಟವಾಗುತ್ತವೆ, ತಂಪು ಮಾತ್ರ ದೊರೆಯುವುದಿಲ್ಲ. ಮೇ ತಿಂಗಳಿನಲ್ಲಿ ಈ ನಗರದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. 2003ರ ಮೇ 31ರಂದು ನುಂಗಂಬಾಕ್ಕಂ ವೀಕ್ಷಣಾಲಯದಲ್ಲಿ 45 ಡಿಗ್ರಿ ದಾಖಲಾಗಿತ್ತು. ಇಂತಹ ಹವೆಗೆ ಶರೀರವು ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳು ಬೇಕಾಗುತ್ತವೆ. ಆ ಅವಧಿಯಲ್ಲಿ ದೂರವನ್ನೂ ವೇಗವನ್ನೂ ತಗ್ಗಿಸಬೇಕು. ಬಲಶಾಲಿಯಾದವನು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ, ಉಳಿದ ಋತುಗಳಲ್ಲಿ ಅದಕ್ಕಿಂತ ಮಂದವಾಗಿ ವ್ಯಾಯಾಮ ಮಾಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯದಲ್ಲಿ ವಿಧಿಸಿರುವುದು ಈ ಸಂದರ್ಭದಲ್ಲಿ ಸ್ಮರಣೀಯ.

ಬರಿ ಹೊಟ್ಟೆಯಲ್ಲಿ ಓಡುವವರು ಅನೇಕ ವೇಳೆ ನೀರನ್ನೂ ಕುಡಿಯದೆ ಹೊರಡುತ್ತಾರೆ. ಉಪವಾಸವೆಂದರೆ ನಿರ್ಜಲ ಉಪವಾಸವೆಂದು ಭಾವಿಸಬೇಕಾಗಿಲ್ಲ. ಎದ್ದೊಡನೆ ಒಂದೆರಡು ಲೋಟ ನೀರು ಕುಡಿದು ಇಪ್ಪತ್ತು ನಿಮಿಷಗಳ ನಂತರ ಹೊರಡಬೇಕು. ಎಷ್ಟು ಬೆವರು ಹೋಯಿತೆಂಬುದನ್ನು ತಿಳಿಯಲು ಸರಳವಾದ ಉಪಾಯವೊಂದಿದೆ: ಓಟದ ಮೊದಲೂ ಅನಂತರವೂ, ಬೆವರಿನಿಂದ ಒದ್ದೆಯಾದ ಬಟ್ಟೆಯನ್ನು ಬದಲಿಸಿ, ತೂಕ ನೋಡಿಕೊಳ್ಳುವುದು. ಒಂದು ಕಿಲೋ ತೂಕ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ನಷ್ಟವಾಗಿದೆಯೆಂದು ಅರ್ಥ. ಇದನ್ನು ಬೊಜ್ಜು ಕರಗಿದ ಲೆಕ್ಕಕ್ಕೆ ಸೇರಿಸಿಕೊಂಡು ಸಂತೋಷಪಡುವವರಿದ್ದಾರೆ. ಆ ಸಂತೋಷ ಮಧ್ಯಾಹ್ನದವರೆಗೂ ಉಳಿಯುವುದಿಲ್ಲ.

ಓಟದ ನಂತರದ ಉಪಾಹಾರ

ಚೆನ್ನೈನ ಉಪಾಹಾರಕ್ಕೂ ಕನ್ನಡಿಗರಿಗೂ ಹಳೆಯ ನಂಟಿದೆ. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಆರಂಭಗೊಂಡ ಅವರ ಡ್ರೈವ್-ಇನ್ ಹೋಟೆಲು ಹಲವು ತಲೆಮಾರುಗಳ ಬೆಳಗಿನ ತಿಂಡಿಯ ತಾಣವಾಗಿತ್ತು. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಓಟ ಮುಗಿಸಿ ಗೆಳೆಯರೊಡನೆ ತಿಂಡಿಗೆ ಹೋಗುವ ಅಭ್ಯಾಸವಂತೂ ನಗರದಲ್ಲಿ ಹಾಗೆಯೇ ಮುಂದುವರಿದಿದೆ.

ಈ ಅಭ್ಯಾಸದ ಲೆಕ್ಕವನ್ನು ಒಮ್ಮೆ ನೋಡಬಹುದು. ಓಟದಲ್ಲಿ ಪ್ರತಿ ಕಿಲೋಮೀಟರಿಗೆ ಶರೀರದ ಪ್ರತಿ ಕಿಲೋ ತೂಕಕ್ಕೆ ಸರಿಸುಮಾರು ಒಂದು ಕಿಲೋಕ್ಯಾಲೊರಿ ವ್ಯಯವಾಗುತ್ತದೆ. ಅರವತ್ತು ಕಿಲೋ ತೂಕದ ವ್ಯಕ್ತಿ ಐದು ಕಿ.ಮೀ. ಓಡಿದರೆ ಸುಮಾರು 300 ಕಿಲೋಕ್ಯಾಲೊರಿ. ಧಾರಾಳವಾಗಿ ಎಣ್ಣೆ ಹಾಕಿದ ಒಂದು ಮಸಾಲೆ ದೋಸೆ ಇದನ್ನು ಸಂಪೂರ್ಣವಾಗಿ ಹಿಂದಿರುಗಿಸಬಲ್ಲದು. ಅದರೊಡನೆ ವಡೆ ಮತ್ತು ಸಕ್ಕರೆಯ ಕಾಫಿ ಸೇರಿದರೆ ಓಡದೆ ಮನೆಯಲ್ಲಿದ್ದು ಎರಡು ಇಡ್ಲಿ ತಿಂದಿದ್ದರೇ ಲಾಭವಾಗುತ್ತಿತ್ತೆಂಬ ಸ್ಥಿತಿ. ದೋಸೆ ವರ್ಜ್ಯವೆಂದಲ್ಲ, ಅದು ಪ್ರತಿದಿನದ ಬಹುಮಾನವಾಗಬಾರದು. ಇಡ್ಲಿ–ಸಾಂಬಾರು, ತರಕಾರಿ ಹಾಕಿದ ಉಪ್ಪಿಟ್ಟು, ಹೆಸರುಬೇಳೆಯ ಪೊಂಗಲ್, ಪೆಸರಟ್ಟು, ಮೊಳಕೆಕಾಳು, ಮೊಟ್ಟೆ ಇವುಗಳಲ್ಲಿ ಯಾವುದಾದರೂ ಆಗಬಹುದು. ದಣಿದ ಸ್ನಾಯುಗಳ ದುರಸ್ತಿಗೆ ಪ್ರೋಟೀನ್ ಬೇಕಾಗಿರುವುದರಿಂದ ಬೇಳೆ, ಕಾಳು, ಹಾಲು, ಮೊಸರು ಅಥವಾ ಮೊಟ್ಟೆಯ ಪಾಲು ಇರಲೇಬೇಕು. ಉಪ್ಪು ಬೆರೆಸಿದ ಮಜ್ಜಿಗೆ, ಮಜ್ಜಿಗೆ ಸೇರಿಸಿದ ರಾಗಿ ಅಂಬಲಿ ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ತುಂಬಿಕೊಡುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಸಮೃದ್ಧವಾಗಿದ್ದರೂ ಸೋಡಿಯಂ ಕಡಿಮೆ. ಅತಿಯಾಗಿ ಬೆವರಿದಾಗ ಅದೊಂದೇ ಸಾಲದು. ಕಡಲತೀರದಲ್ಲಿ ಮಾರುವ ಗರಿಕೆ ರಸ ಮತ್ತಿತರ ಸೊಪ್ಪಿನ ರಸಗಳು ಉಪಾಹಾರಕ್ಕೆ ಬದಲಿಯಾಗಲಾರವು.

ಓಡುವ ಗೃಹಿಣಿಯರ ವಿಷಯವನ್ನು ಪ್ರತ್ಯೇಕವಾಗಿ ಪ್ರಸ್ತಾಪಿಸಬೇಕಾಗಿದೆ. ಐದೂವರೆಗೆ ಓಡಲು ಹೋಗಿ ಆರೂವರೆಗೆ ಮನೆಗೆ ಮರಳುವ ಗೃಹಿಣಿಯು ಮಕ್ಕಳ ಡಬ್ಬಿ, ಮನೆಯವರ ತಿಂಡಿ, ಅತ್ತೆ ಮಾವಂದಿರ ಕಾಫಿ ಎಲ್ಲವನ್ನೂ ಪೂರೈಸಿ ತನ್ನ ತಟ್ಟೆಯ ಮುಂದೆ ಕುಳಿತುಕೊಳ್ಳುವ ವೇಳೆಗೆ ಹತ್ತು ಗಂಟೆಯಾಗುತ್ತದೆ. ಹಿಂದಿನ ರಾತ್ರಿಯ ಊಟದಿಂದ ಲೆಕ್ಕ ಹಾಕಿದರೆ ಹದಿಮೂರು ಗಂಟೆಗಳ ಉಪವಾಸ, ನಡುವೆ ಒಂದು ಓಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಇವರಿಗೆ ‘ಓಟದ ಅನಂತರ ಉಪಾಹಾರ’ ಎಂಬ ಸಲಹೆಯು ಓಟ ಮುಗಿದ ಒಂದು ಗಂಟೆಯೊಳಗೆ ಎಂಬ ಷರತ್ತಿನೊಡನೆ ಮಾತ್ರ ಅನ್ವಯಿಸುತ್ತದೆ. ಉಪಾಹಾರದ ಜೊತೆಯಲ್ಲಿಯೇ ಕಾಫಿ ಅಥವಾ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣಾಂಶದ ಹೀರುವಿಕೆ ತಗ್ಗುವುದರಿಂದ ನಡುವೆ ಒಂದು ಗಂಟೆಯ ಅಂತರವಿಡುವುದು ಲೇಸು. ಗರ್ಭಿಣಿಯರು ಬರಿ ಹೊಟ್ಟೆಯ ವ್ಯಾಯಾಮವನ್ನು ಮಾಡಬಾರದು.

ಮಧುಮೇಹವಿರುವವರು

ಮಧುಮೇಹದ ಚಿಕಿತ್ಸೆ ಮತ್ತು ಸಂಶೋಧನೆಗಳಲ್ಲಿ ಚೆನ್ನೈಗೆ ವಿಶೇಷ ಸ್ಥಾನವಿದೆ. ಪ್ರಾಧ್ಯಾಪಕ ಎಂ. ವಿಶ್ವನಾಥನ್ ಅವರು 1948ರಲ್ಲಿಯೇ ಇಲ್ಲಿನ ಸರ್ಕಾರಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕಾಗಿಯೇ ಮೀಸಲಾದ ಚಿಕಿತ್ಸಾಲಯವನ್ನು ಪ್ರಾರಂಭಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ನಿನ ಸಹಯೋಗದಲ್ಲಿ ನಡೆಸಿ, 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇಕಡಾ 11.4ರಷ್ಟು ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ, ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಚೆನ್ನೈನಲ್ಲಿ ನಡೆಸಿ, 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಮಧುಮೇಹದ ಅಂಚಿನಲ್ಲಿದ್ದ 531 ಮಂದಿ ಭಾಗವಹಿಸಿದ್ದರು. ಆಹಾರ ನಿಯಂತ್ರಣ ಮತ್ತು ನಿಯಮಿತ ನಡಿಗೆಯನ್ನು ಕೈಗೊಂಡವರಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಮಧುಮೇಹಕ್ಕೆ ತುತ್ತಾಗುವ ಅಪಾಯ ಶೇಕಡಾ 28.5ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದುದು ಶೇಕಡಾ 26.4. ವೈದ್ಯರು ಮಧುಮೇಹಿಗಳಿಗೆ ನಡಿಗೆ ಮತ್ತು ಓಟವನ್ನು ಒತ್ತಿ ಹೇಳುವುದು ಸಕಾರಣವಾಗಿಯೇ ಇದೆ. ಆ ಸಲಹೆಯನ್ನು ಪಾಲಿಸುವ ಉತ್ಸಾಹದಲ್ಲಿ ಅಪಾಯವೊಂದು ಒಳನುಸುಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ತಿರುವಲ್ಲಿಕ್ಕೇಣಿಯಲ್ಲಿ ವಾಸವಾಗಿರುವ ಐವತ್ತೈದು ವರ್ಷದ ಒಬ್ಬ ನೌಕರರ ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಎಂಟು ವರ್ಷಗಳಿಂದ ಅವರು ಮಧುಮೇಹಕ್ಕೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬೆಳಗ್ಗೆ ಎಂಟಕ್ಕೆ ಮಾತ್ರೆ, ಎಂಟೂಕಾಲಿಗೆ ಇಡ್ಲಿ ಎಂಬುದು ಅವರ ವಾಡಿಕೆ. ವೈದ್ಯರ ಸಲಹೆಯಂತೆ ಈಗ ಓಟ ಆರಂಭಿಸಿದ್ದಾರೆ. ಮರೆತುಹೋದೀತೆಂದು ಮಾತ್ರೆಯನ್ನು ಐದೂವರೆಗೇ ನುಂಗಿ ಕಡಲತೀರಕ್ಕೆ ಹೊರಡುತ್ತಾರೆ. ಓಟ, ಅನಂತರ ಕಟ್ಟೆಯ ಮೇಲೆ ಕುಳಿತು ಗೆಳೆಯರೊಡನೆ ನಾಲ್ಕು ಮಾತು, ಮನೆಗೆ ಬಂದು ಸ್ನಾನ, ಪೂಜೆ. ಪೂಜೆ ಮುಗಿಯುವವರೆಗೆ ಏನನ್ನೂ ತಿನ್ನುವ ಪದ್ಧತಿಯಿಲ್ಲ. ಉಪಾಹಾರಕ್ಕೆ ಕುಳಿತಾಗ ಒಂಬತ್ತು ಗಂಟೆ. ಮಾತ್ರೆಯು ಮೂರೂವರೆ ಗಂಟೆಗಳಿಂದ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತಿದೆ. ದುಡಿದ ಸ್ನಾಯುಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಸೆಳೆದುಕೊಳ್ಳುತ್ತಿವೆ. ಯಕೃತ್ತಿನ ಉಗ್ರಾಣ ರಾತ್ರಿಯೇ ಅರ್ಧ ಬರಿದಾಗಿದೆ. ಅವರ ಮಾತ್ರೆಯೂ ತಪ್ಪಲ್ಲ, ಓಟವೂ ತಪ್ಪಲ್ಲ, ಪೂಜೆಯೂ ತಪ್ಪಲ್ಲ. ಅವು ಜೋಡಣೆಗೊಂಡ ಕ್ರಮ ಅಪಾಯಕಾರಿಯಾಗಿದೆ. ಮಧುಮೇಹಿಗಳಲ್ಲಿ ಪ್ರಶ್ನೆಯು ಓಟ ಮತ್ತು ಉಪಾಹಾರ ಎಂಬ ಎರಡರದಲ್ಲ. ಔಷಧ, ಓಟ, ಉಪಾಹಾರ ಎಂಬ ಮೂರರದು.

ರಕ್ತದ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಸಕ್ಕರೆ ಕುಸಿತವೆಂದು ಪರಿಗಣಿಸಲಾಗುತ್ತದೆ. ಕೈನಡುಕ, ಬೆವರು, ಎದೆಬಡಿತ, ತೀವ್ರ ಹಸಿವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು ಇದರ ಲಕ್ಷಣಗಳು. ಚೆನ್ನೈನಲ್ಲಿ ಓಡುವವರೆಲ್ಲರೂ ಬೆವರುತ್ತಾರೆ, ಎಲ್ಲರಿಗೂ ಎದೆ ಬಡಿದುಕೊಳ್ಳುತ್ತದೆ. ಹೀಗಾಗಿ ಎಚ್ಚರಿಕೆಯ ಮೊದಲ ಲಕ್ಷಣಗಳು ದಣಿವಿನಲ್ಲಿ ಮರೆಯಾಗಿಬಿಡುತ್ತವೆ. ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರಲ್ಲಿ ಎದೆಬಡಿತ ಮತ್ತು ನಡುಕ ಕಾಣಿಸಿಕೊಳ್ಳದೆಯೂ ಹೋಗಬಹುದು.

ಎಲ್ಲ ಔಷಧಗಳಿಂದಲೂ ಈ ಅಪಾಯ ಸಮಾನವಾಗಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಸಕ್ಕರೆ ಕುಸಿಯುವುದು ವಿರಳ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮೊದಲಾದವುಗಳಲ್ಲಿ ಮತ್ತು ಇನ್ಸುಲಿನ್ ಚುಚ್ಚುಮದ್ದಿನಲ್ಲಿ ಅಪಾಯ ಹೆಚ್ಚು. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಒಡನೆಯೇ ಓಡಿದರೆ ಅದು ಬೇಗನೆ ರಕ್ತಕ್ಕೆ ಸೇರುತ್ತದೆ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳಿಂದ ನೀರಿನ ನಷ್ಟವೂ ಹೆಚ್ಚುವುದರಿಂದ ಬೇಸಿಗೆಯಲ್ಲಿ ವಿಶೇಷ ಎಚ್ಚರ ಅಗತ್ಯ. ತಾವು ಸೇವಿಸುವ ಮಾತ್ರೆಯ ಹೆಸರನ್ನು ‘ಬಿಳಿ ಮಾತ್ರೆ, ಅರಿಶಿನ ಬಣ್ಣದ ಮಾತ್ರೆ’ ಎಂದು ತಿಳಿದಿದ್ದರೆ ಸಾಲದು.

ಈ ಅಪಾಯವಿರುವ ಔಷಧಗಳನ್ನು ಸೇವಿಸುವವರು ಮನೆಯಲ್ಲಿಯೇ ಗ್ಲೂಕೋಮೀಟರಿನಿಂದ ಪರೀಕ್ಷಿಸಿಕೊಂಡು ಹೊರಡಬೇಕು. ಸಕ್ಕರೆ 90 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15ರಿಂದ 30 ಗ್ರಾಂ ಶರ್ಕರಪಿಷ್ಟವಿರುವ ಆಹಾರ ಸೇವಿಸದೆ ಓಡಕೂಡದು. ಒಂದನೆಯ ಬಗೆಯ ಮಧುಮೇಹವಿರುವವರಲ್ಲಿ ಅದು 250 ಮಿಲಿಗ್ರಾಂ ಮೀರಿ ಮೂತ್ರದಲ್ಲಿ ಕೀಟೋನ್ ಕಂಡುಬಂದರೆ ಅಂದಿನ ಓಟವನ್ನು ಕೈಬಿಡಬೇಕು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯ ಪೊಟ್ಟಣ, ಹೆಸರು ಮತ್ತು ಔಷಧದ ವಿವರವಿರುವ ಚೀಟಿ ಇರಬೇಕು. ಲಕ್ಷಣಗಳು ಕಂಡೊಡನೆ ನಿಂತು ಮೂರು ಚಹಾಚಮಚದಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಸೇವಿಸಿ, ಹದಿನೈದು ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕುವುದು ಸರ್ವಥಾ ಕೂಡದು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಕಾಲಿನ ಸ್ಪರ್ಶಜ್ಞಾನ ಕುಂದಿರುವವರು ಮರಳಿನಲ್ಲಿ ಬರಿಗಾಲಿನಲ್ಲಿ ಓಡಬಾರದು.

ಕೆಲವರಿಗೆ ಇದಕ್ಕೆ ವಿರುದ್ಧವಾದ ಅನುಭವವಾಗುವುದುಂಟು. ಬರಿ ಹೊಟ್ಟೆಯಲ್ಲಿ ಓಡಿ ಬಂದು ಪರೀಕ್ಷಿಸಿಕೊಂಡಾಗ ಸಕ್ಕರೆ ಇಳಿಯುವ ಬದಲು ಏರಿರುತ್ತದೆ. ಬೆಳಗಿನ ಜಾವ ಸ್ರವಿಸುವ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಯಕೃತ್ತಿನಿಂದ ಗ್ಲೂಕೋಸನ್ನು ಬಿಡುಗಡೆ ಮಾಡಿಸುತ್ತವೆ. ವೇಗದ ಓಟವೂ ಹಾಗೆಯೇ ಮಾಡುತ್ತದೆ. ಈ ಏರಿಕೆ ತಾತ್ಕಾಲಿಕ. ಇದನ್ನು ಕಂಡು ಗಾಬರಿಯಾಗಿ ಓಟವನ್ನೇ ಬಿಡುವುದಾಗಲಿ, ತಾವಾಗಿಯೇ ಮಾತ್ರೆಯನ್ನು ಹೆಚ್ಚಿಸಿಕೊಳ್ಳುವುದಾಗಲಿ ತಪ್ಪು. ಓಟದಿಂದ ಸ್ನಾಯುಗಳು ಗ್ಲೂಕೋಸನ್ನು ಹೀರಿಕೊಳ್ಳುವ ಪರಿಣಾಮ ಇಪ್ಪತ್ತನಾಲ್ಕು ಗಂಟೆಗಳವರೆಗೂ ಮುಂದುವರಿಯಬಹುದಾದ ಕಾರಣ ಅಂದಿನ ರಾತ್ರಿ ನಿದ್ರೆಯಲ್ಲಿ ಸಕ್ಕರೆ ಕುಸಿಯುವ ಸಾಧ್ಯತೆಯೂ ಇದೆ.

ಊಟದ ನಂತರ ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಊಟದಿಂದ ಏರುವ ಸಕ್ಕರೆ ಗಣನೀಯವಾಗಿ ತಗ್ಗುತ್ತದೆ. ಉಂಡ ಮೇಲೆ ನೂರು ಹೆಜ್ಜೆ ನಡೆಯುವ ಹಿಂದಿನವರ ರೂಢಿಗೆ ಇಂದಿನ ಅಧ್ಯಯನಗಳ ಬೆಂಬಲವೂ ದೊರೆತಿದೆ. ಬರಿ ಹೊಟ್ಟೆಯಲ್ಲಿ ಓಡುವುದು ಬೇಡವೆಂದು ವೈದ್ಯರು ಹೇಳಿದವರಿಗೆ ಇದೊಂದು ಉತ್ತಮ ಮಾರ್ಗ. ಚೆನ್ನೈನಲ್ಲಿ ಉಪಾಹಾರದ ನಂತರ ಬಿಸಿಲೇರುವುದರಿಂದ ರಾತ್ರಿಯ ಊಟದ ನಂತರ ನಡೆಯುವುದು ಅನುಕೂಲಕರ.

ಔಷಧದ ಪ್ರಮಾಣವನ್ನಾಗಲಿ ವೇಳೆಯನ್ನಾಗಲಿ ಬದಲಿಸಬೇಕಾದವರು ವೈದ್ಯರು. ಅನೇಕ ವೇಳೆ ಮಾತ್ರೆಯನ್ನು ಓಟದ ನಂತರ, ಉಪಾಹಾರಕ್ಕೆ ಸ್ವಲ್ಪ ಮೊದಲು ಸೇವಿಸುವಂತೆ ಸೂಚಿಸಿದರೆ ಸಾಕಾಗುತ್ತದೆ. ಆದರೆ ರೋಗಿಯು ಐದೂವರೆಗೆ ಮಾತ್ರೆ ನುಂಗಿ ಒಂಬತ್ತಕ್ಕೆ ತಿನ್ನುತ್ತಿರುವ ಸಂಗತಿ ವೈದ್ಯರಿಗೆ ತಾನಾಗಿ ತಿಳಿಯುವುದಿಲ್ಲ. ಓಟವನ್ನು ಹೊಸದಾಗಿ ಆರಂಭಿಸುವವರು ಎರಡು ವಾರಗಳ ಕಾಲ ಒಂದು ನೋಟುಪುಸ್ತಕದಲ್ಲಿ ಪ್ರತಿದಿನ ಔಷಧ ಸೇವಿಸಿದ ವೇಳೆ, ಓಡಿದ ವೇಳೆ ಮತ್ತು ದೂರ, ಉಪಾಹಾರದ ವೇಳೆ ಮತ್ತು ಪದಾರ್ಥ, ಓಟಕ್ಕೆ ಮೊದಲಿನ ಹಾಗೂ ಅನಂತರದ ಸಕ್ಕರೆಯ ಅಂಕಿಗಳನ್ನು ಬರೆದಿಟ್ಟುಕೊಂಡು, ಮುಂದಿನ ಭೇಟಿಯಲ್ಲಿ ಆ ಪುಟಗಳನ್ನು ವೈದ್ಯರ ಮುಂದಿಡಬೇಕು.